ಚಾಟ್ ರೂಮ್: ಅಪರಿಚಿತರು ಕೂಡಿದ ಕೋಣೆಗಳ ಅನುಭವ

ಬೇರೆ ಬೇರೆ ಊರುಗಳಲ್ಲಿ ಕೂತ ಹಲವರು ಅದೇ ಹೊತ್ತಿನಲ್ಲಿ, ಅದೇ ಪರದೆಯ ಮೇಲೆ ಸಾಲುಸಾಲಾಗಿ ಟೈಪ್ ಮಾಡುತ್ತ ಮಾತಾಡುವ ವ್ಯವಸ್ಥೆಗೆ ಚಾಟ್ ರೂಮ್ ಎಂದು ಹೆಸರು. 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳಲ್ಲಿ ಹುಟ್ಟಿದ ಇದು 1990ರ ದಶಕದ ಕೊನೆಗೆ ಲಕ್ಷಾಂತರ ಜನರ ರಾತ್ರಿಗಳನ್ನು ತುಂಬಿತು. 2012ರ ಹೊತ್ತಿಗೆ ದೊಡ್ಡ ಕಂಪನಿಗಳು ಒಂದೊಂದಾಗಿ ಇದರ ಬಾಗಿಲು ಹಾಕಿದ್ದವು. ಇದರ ಬಗ್ಗೆ ಉಳಿದಿರುವ ನೆನಪು ಎರಡು ಬಗೆಯದು. ಕೆಲವರಿಗೆ ಇದು ಜೀವದ ಗೆಳೆಯರು ಸಿಕ್ಕ ಜಾಗ. ಇನ್ನು ಕೆಲವರಿಗೆ ಮೋಸಗಾರರ, ಅಶ್ಲೀಲದ, ಮಕ್ಕಳ ಮೇಲೆ ಕಣ್ಣಿಟ್ಟವರ ಜಾಗ. ಎರಡಕ್ಕೂ ಕೊಡುವ ಕಾರಣ ಮಾತ್ರ ಸಾಮಾನ್ಯವಾಗಿ ಒಂದೇ: ಅಲ್ಲಿ ಯಾರ ನಿಜವಾದ ಹೆಸರೂ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಜನ ಮನಸ್ಸು ಬಿಚ್ಚಿದರು, ಹಾಗಾಗಿಯೇ ಮರ್ಯಾದೆ ಬಿಟ್ಟರು. ಈ ವಿವರಣೆ ಪೂರ್ತಿ ಸುಳ್ಳಲ್ಲ, ಆದರೆ ಸಾಲದು. ಹೆಸರು ಮರೆಸುವ ಅವಕಾಶ ಎಲ್ಲ ಕೋಣೆಗಳಲ್ಲೂ ಇತ್ತು. ಅನುಭವ ಮಾತ್ರ ಕೋಣೆಯಿಂದ ಕೋಣೆಗೆ ಬೇರೆಯಾಗಿತ್ತು. ಅದನ್ನು ನಿರ್ಧರಿಸಿದ್ದು ಕೋಣೆಯನ್ನು ಕಟ್ಟಿದ ಬಗೆ: ಒಳಗೆ ಎಷ್ಟು ಜನ ಹಿಡಿಸುತ್ತಾರೆ, ಬಾಗಿಲು ಕಾಯುವವರು ಯಾರು, ಇವತ್ತು ಇಟ್ಟುಕೊಂಡ ಹೆಸರು ನಾಳೆಯೂ ನಮ್ಮದಾಗಿ ಉಳಿಯುತ್ತದೆಯೇ, ಮಾತಿನ ಪ್ರತಿ ನಿಮಿಷಕ್ಕೆ ಯಾರ ಗಲ್ಲಾಪೆಟ್ಟಿಗೆಗೆ ಹಣ ಬೀಳುತ್ತದೆ.

ಮೊದಲ ಕೋಣೆ ತೀರ ಚಿಕ್ಕದಾಗಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಬೋಧನಾ ಕಂಪ್ಯೂಟರ್ ವ್ಯವಸ್ಥೆಯಲ್ಲಿ 1973ರಲ್ಲಿ ಡಗ್ ಬ್ರೌನ್ ಮತ್ತು ಡೇವಿಡ್ ವೂಲಿ ‘ಟಾಕೋಮ್ಯಾಟಿಕ್’ ಬರೆದರು. ಒಂದು ಚಾನೆಲ್ಲಿಗೆ ಐದೇ ಜನ. ಪರದೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ. ಟೈಪ್ ಮಾಡಿದ ಅಕ್ಷರ ಆ ಕ್ಷಣವೇ ಎಲ್ಲರಿಗೂ ಕಾಣುತ್ತಿತ್ತು. ತಡವರಿಸಿದ್ದು, ಬರೆದು ಅಳಿಸಿದ್ದು, ಸಿಟ್ಟಿನಲ್ಲಿ ಶುರುಮಾಡಿ ಅರ್ಧಕ್ಕೆ ನುಂಗಿಕೊಂಡ ಮಾತು ಎಲ್ಲವೂ ಬಯಲಿನಲ್ಲೇ ನಡೆಯುತ್ತಿತ್ತು. ಮುಂದೆ ಬಂದ ಕೋಣೆಗಳು ಎಂಟರ್ ಒತ್ತಿದ ಮೇಲೆ ಮಾತ್ರ ಸಾಲನ್ನು ತೋರಿಸತೊಡಗಿದವು. ಚಿಕ್ಕ ಬದಲಾವಣೆಯಂತೆ ಕಂಡರೂ ಇದು ಮಾತಿನ ಸ್ವರೂಪವನ್ನೇ ಬದಲಿಸಿತು. ಯೋಚಿಸಿ, ತಿದ್ದಿ, ಒಳ್ಳೆಯ ಮುಖವನ್ನಷ್ಟೇ ತೋರಿಸಲು ಮೊದಲ ಬಾರಿಗೆ ಅವಕಾಶವಾಯಿತು. ಕಂಪ್ಯೂಸರ್ವ್ ಕಂಪನಿ 1980ರ ಫೆಬ್ರುವರಿಯಲ್ಲಿ ಹಣ ಕೊಡುವ ಗ್ರಾಹಕರಿಗಾಗಿ ‘ಸಿಬಿ ಸಿಮ್ಯುಲೇಟರ್’ ಆರಂಭಿಸಿತು. ಅದನ್ನು ಬರೆದ ಅಲೆಕ್ಸಾಂಡರ್ ಟ್ರೆವರ್ ಮಾದರಿಯಾಗಿ ಇಟ್ಟುಕೊಂಡಿದ್ದು ಲಾರಿ ಚಾಲಕರು ಹೆದ್ದಾರಿಯಲ್ಲಿ ಬಳಸುತ್ತಿದ್ದ ಸಿಟಿಜನ್ಸ್ ಬ್ಯಾಂಡ್ ರೇಡಿಯೊವನ್ನು. ಅದರಲ್ಲಿದ್ದಂತೆ 40 ಚಾನೆಲ್‌ಗಳು, ಅದರಲ್ಲಿದ್ದಂತೆ ಸ್ವಂತ ಹೆಸರಿನ ಬದಲು ಅಡ್ಡಹೆಸರು. ಅಡ್ಡಹೆಸರಿನ ಪದ್ಧತಿ ಹೀಗೆ ರೇಡಿಯೊದಿಂದ ಬಂದ ವಾಡಿಕೆ. ಇಂಟರ್ನೆಟ್ಟಿನಲ್ಲಿ ಹೊಸದಾಗಿ ಹುಟ್ಟಿದ ದುರ್ಗುಣವಲ್ಲ.

ಈ ಸಿಬಿ ಕೋಣೆಯಲ್ಲೇ ಚಾಟ್ ಇತಿಹಾಸದ ಅತ್ಯಂತ ಪ್ರಸಿದ್ಧ ವಂಚನೆ ನಡೆಯಿತು. ಪತ್ರಕರ್ತೆ ಲಿಂಡ್ಸಿ ವ್ಯಾನ್ ಗೆಲ್ಡರ್ 1985ರ ಅಕ್ಟೋಬರ್‌ನಲ್ಲಿ ‘ಮಿಸ್’ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಅಪಘಾತದಲ್ಲಿ ಅಂಗವಿಕಲಳಾದ ಜೋನ್ ಎಂಬ ಮಹಿಳೆಯಾಗಿ ಕೋಣೆಗೆ ಬರುತ್ತಿದ್ದ ವ್ಯಕ್ತಿ ನಿಜದಲ್ಲಿ ನ್ಯೂಯಾರ್ಕಿನ ಒಬ್ಬ ಪುರುಷ ಮನೋವೈದ್ಯ. ಹಲವು ಹೆಂಗಸರು ಜೋನ್‌ಳ ಹತ್ತಿರ ಮನೆಯವರಿಗೂ ಹೇಳದ ಸಂಗತಿಗಳನ್ನು ಹೇಳಿಕೊಂಡಿದ್ದರು. ನಿಜ ಬಯಲಾದಾಗ ಕೆಲವರು ಸಿಟ್ಟಾದರು, ಕೆಲವರು ಗೆಳತಿಯೊಬ್ಬಳು ಸತ್ತಂತೆ ಅತ್ತರು. ಅನಾಮಧೇಯತೆಯ ಅಪಾಯಕ್ಕೆ ಈ ಪ್ರಕರಣವನ್ನು ಪಾಠದಂತೆ ಉದಾಹರಿಸುವುದುಂಟು. ಆದರೆ ಮೋಸ ಇಷ್ಟು ಆಳಕ್ಕೆ ಇಳಿದಿದ್ದು ಹೇಗೆಂದು ನೋಡಬೇಕು. ಒಂದು ರಾತ್ರಿಗೆ ಬಂದು ಹೋಗುವ ಹೆಸರಿಗೆ ಯಾರೂ ಗುಟ್ಟು ಒಪ್ಪಿಸುವುದಿಲ್ಲ. ‘ಜೋನ್’ ಎಂಬ ಹೆಸರು ತಿಂಗಳುಗಟ್ಟಲೆ ಅದೇ ಕೋಣೆಗೆ ಬಂತು. ಬೇರೆಯವರ ಕಷ್ಟ ಕೇಳಿತು, ತನ್ನದೇ ಒಂದು ಚರಿತ್ರೆ ಕಟ್ಟಿಕೊಂಡಿತು. ಅಂಥ ಹೆಸರು ಅಡ್ಡಹೆಸರಾದರೂ ಗುರುತಿಲ್ಲದ ಹೆಸರಲ್ಲ. ಅದರ ಸುತ್ತ ಒಂದು ನಂಬಿಕೆ ಬೆಳೆದಿತ್ತು, ವೈದ್ಯ ದುರುಪಯೋಗ ಮಾಡಿಕೊಂಡಿದ್ದು ಆ ನಂಬಿಕೆಯನ್ನು. ಚಾಟ್ ರೂಮುಗಳಲ್ಲಿ ಜನ ಗಳಿಸಿದ ಗಟ್ಟಿ ಗೆಳೆತನಗಳೂ ಇದೇ ನೆಲದಲ್ಲಿ ಬೆಳೆದವು. ಕೋಣೆಯೊಂದರಲ್ಲಿ ಹೆಸರು ಬಾಳುವಷ್ಟು ಕಾಲ ನಂಬಿಕೆಯೂ ಬಾಳುತ್ತದೆ, ಅದರ ಜೊತೆಗೆ ನಂಬಿಕೆದ್ರೋಹದ ಸಾಧ್ಯತೆಯೂ ಬಾಳುತ್ತದೆ.

ಫ್ರಾನ್ಸಿನ ಅನುಭವ ಈ ಮಾತಿಗೆ ಇನ್ನೊಂದು ಕಡೆಯಿಂದ ಪುಷ್ಟಿ ಕೊಡುತ್ತದೆ. ಅಲ್ಲಿನ ಸರ್ಕಾರಿ ದೂರವಾಣಿ ಇಲಾಖೆ ಮನೆಮನೆಗೆ ಹಂಚಿದ ಮಿನಿಟೆಲ್ ಪೆಟ್ಟಿಗೆಗಳಲ್ಲಿ 1980ರ ದಶಕದಲ್ಲಿ ಚಾಟ್ ಸೇವೆಗಳು ಜೋರಾಗಿ ನಡೆದವು. ದರ ನಿಮಿಷಕ್ಕಿಷ್ಟು ಎಂದಿತ್ತು, ಆ ಹಣದಲ್ಲಿ ಸೇವೆ ನಡೆಸುವವರಿಗೆ ಪಾಲಿತ್ತು. ಹಾಗಾಗಿ ಕೆಲವು ಕಂಪನಿಗಳು ಸಂಬಳ ಕೊಟ್ಟು ಗಂಡಸರನ್ನು ಹೆಣ್ಣಿನ ಹೆಸರಿನಲ್ಲಿ ಕೂರಿಸಿ, ಗ್ರಾಹಕರು ಪರದೆ ಬಿಟ್ಟೇಳದಂತೆ ಮಾತು ಬೆಳೆಸುತ್ತಿದ್ದವು. ಈ ಮೋಸ ವ್ಯಕ್ತಿಯ ಕೆಟ್ಟ ಬುದ್ಧಿಯಿಂದ ಹುಟ್ಟಿದ್ದಲ್ಲ. ಬಿಲ್ಲಿನ ಲೆಕ್ಕದಿಂದ ಹುಟ್ಟಿದ್ದು. ಮಿನಿಟೆಲ್ 2012ರ ಜೂನ್ 30ರಂದು ನಿಂತಿತು.

ನಿಮಿಷದ ಬಿಲ್ ಇಲ್ಲದೆ, ಮಾಲೀಕರಿಲ್ಲದೆ ಬೆಳೆದ ಕೋಣೆಗಳೆಂದರೆ ಐಆರ್‌ಸಿ, ಅಂದರೆ ಇಂಟರ್ನೆಟ್ ರಿಲೇ ಚಾಟ್‌ನವು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ಇದನ್ನು ಬರೆದರು. ಒಂದು ಸರ್ವರ್ ಇನ್ನೊಂದಕ್ಕೆ ಕೊಂಡಿ ಹಾಕಿಕೊಳ್ಳುತ್ತ ಜಾಲ ಬೆಳೆಯಿತು. ಒಳಗೆ ಹೋಗುವುದು ಹೀಗೆ: ಒಂದು ನಿಕ್, ಎಂದರೆ ಅಡ್ಡಹೆಸರು (ಮೊದಲಿಗೆ ಅದು ಒಂಬತ್ತು ಅಕ್ಷರ ಮೀರುವಂತಿರಲಿಲ್ಲ), ಆರಿಸಿಕೊಂಡು, ಓರೆಗೆರೆಯ ಜೊತೆ ಜಾಯಿನ್ ಎಂದು ಬರೆದು, # ಗುರುತಿನಿಂದ ಶುರುವಾಗುವ ಚಾನೆಲ್ಲಿನ ಹೆಸರು ಕೊಟ್ಟರೆ ಒಳಗಿರುವವರ ಪಟ್ಟಿ ಮೂಡುತ್ತದೆ. ಕೆಲವು ಹೆಸರುಗಳ ಆರಂಭದಲ್ಲಿ @ ಗುರುತು ಇರುತ್ತದೆ. ಅವರು ಆಪರೇಟರ್‌ಗಳು, ಅಂದರೆ ಯಾರನ್ನು ಬೇಕಾದರೂ ಹೊರಗೆ ಹಾಕಬಲ್ಲವರು. ಆ ಅಧಿಕಾರ ಯಾರಿಗೆ ಸಿಗುತ್ತಿತ್ತು? ಖಾಲಿ ಚಾನೆಲ್ಲಿಗೆ ಮೊದಲು ಕಾಲಿಟ್ಟವರಿಗೆ, ಮತ್ತು ಅವರು ಕೊಟ್ಟವರಿಗೆ. ಈ ಒಂದು ನಿಯಮದಿಂದ ಐಆರ್‌ಸಿಯ ರಾಜಕೀಯವೆಲ್ಲ ಹುಟ್ಟಿತು. ಎರಡು ಸರ್ವರ್‌ಗಳ ನಡುವಿನ ಕೊಂಡಿ ಕಡಿದಾಗ ಚಾನೆಲ್ಲಿನ ಅರ್ಧ ಜನ ಒಮ್ಮೆಗೇ ಮಾಯವಾಗುತ್ತಿದ್ದರು. ಇದಕ್ಕೆ ನೆಟ್‌ಸ್ಪ್ಲಿಟ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಯಾರೂ ಇಲ್ಲದ ಪಾಲಿನಲ್ಲಿ ಅದೇ ಚಾನೆಲ್ಲಿಗೆ ಹೋದವನು ತಾನೇ ಮೊದಲಿಗನಾಗಿ @ ಪಡೆಯುತ್ತಿದ್ದ. ಕೊಂಡಿ ಮತ್ತೆ ಕೂಡಿದ ಕೂಡಲೇ ಹಳೆಯ ಆಪರೇಟರ್‌ಗಳನ್ನೆಲ್ಲ ಹೊರದಬ್ಬಿ ವರ್ಷಗಟ್ಟಲೆ ಬೆಳೆದಿದ್ದ ಕೋಣೆಯನ್ನೇ ಕಿತ್ತುಕೊಳ್ಳುತ್ತಿದ್ದ. ಇಂಥ ಕಬಳಿಕೆಗಳನ್ನು ತಡೆಯಲು ಡಾಲ್‌ನೆಟ್‌ನಂಥ ಜಾಲಗಳು 1990ರ ದಶಕದ ನಡುವೆ ನಿಕ್ಕನ್ನೂ ಚಾನೆಲ್ಲನ್ನೂ ಪಾಸ್‌ವರ್ಡ್ ಕೊಟ್ಟು ನೋಂದಾಯಿಸುವ ಏರ್ಪಾಡು ತಂದವು. ಅಲ್ಲಿಯೂ ನಿಜವಾದ ಹೆಸರು ಯಾರೂ ಕೇಳಲಿಲ್ಲ. ಹೆಸರು ನಾಳೆಯೂ ಅವರದೇ ಆಗಿರುತ್ತದೆ ಎಂಬ ಖಾತರಿಯಷ್ಟೇ ಸಿಕ್ಕಿತು. ಜಗಳ ಕಡಿಮೆಯಾಗಲು ಬಹುಪಾಲು ಅಷ್ಟೇ ಸಾಕಾಯಿತು.

ಹೊರಗಿನ ಜಗತ್ತಿಗೆ ಐಆರ್‌ಸಿಯ ಬೆಲೆ ಗೊತ್ತಾಗಿದ್ದು 1991ರಲ್ಲಿ. ಜನವರಿಯ ಕೊಲ್ಲಿ ಯುದ್ಧದಲ್ಲಿ ಇಸ್ರೇಲಿನ ಬಳಕೆದಾರರು ಕ್ಷಿಪಣಿ ಬೀಳುತ್ತಿದ್ದಾಗಲೇ ಸುದ್ದಿ ಬರೆಯುತ್ತಿದ್ದರು. ಆಗಸ್ಟ್‌ನಲ್ಲಿ ಗೋರ್ಬಚೇವ್ ವಿರುದ್ಧ ದಂಗೆಯೆದ್ದಾಗ ಮಾಸ್ಕೋದ ಸುದ್ದಿ ಅದೇ ದಾರಿಯಲ್ಲಿ ಹೊರಬಂತು. ಬರೆಯುತ್ತಿದ್ದವರ ಹೆಸರು ಓದುವವರಿಗೆ ಗೊತ್ತಿರಲಿಲ್ಲ. ನಂಬಿಕೆ ಬಂದಿದ್ದು ಹಲವರು ಅದೇ ಹೊತ್ತಿನಲ್ಲಿ ಅಲ್ಲೇ ಇದ್ದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೂಡಲೇ ಪ್ರಶ್ನಿಸಿ ತಾಳೆ ನೋಡುತ್ತಿದ್ದುದರಿಂದ. ಇಂಥ ಮಾತು ಹೊಸಬರಿಗೆ ಗೊಂದಲವೆನಿಸುವುದು ಸಹಜ. ಭಾಷಾವಿಜ್ಞಾನಿ ಸೂಸನ್ ಹೆರಿಂಗ್ 1999ರ ತಮ್ಮ ಪ್ರಬಂಧದಲ್ಲಿ ಚಾಟಿನ ಮಾತು ಹೇಗೆ ಮುರಿಯುತ್ತದೆ ಎಂದು ತೋರಿಸಿದ್ದಾರೆ: ಪ್ರಶ್ನೆಗೂ ಉತ್ತರಕ್ಕೂ ನಡುವೆ ಬೇರೆಯವರ ಸಾಲುಗಳು ತೂರಿಕೊಳ್ಳುತ್ತವೆ, ಒಟ್ಟಿಗೆ ನಾಲ್ಕಾರು ಮಾತುಕತೆ ಹೆಣೆದುಕೊಳ್ಳುತ್ತವೆ, ವಿಷಯ ಬೇಗ ದಾರಿ ತಪ್ಪುತ್ತದೆ. ಆದರೂ ಜನ ಅದನ್ನು ಇಷ್ಟಪಟ್ಟರು. ಆ ಸಡಿಲದಲ್ಲೇ ಮಾತಿನ ಆಟಕ್ಕೆ ಜಾಗವಿದೆ ಎಂದು ಅವರ ವಾದ. ಈ ಬರಹದ ಅಭಿಪ್ರಾಯದಲ್ಲಿ ಚಾಟ್ ರೂಮಿನ ನಿಜವಾದ ಸುಖ ಇದೇ. ಎಲ್ಲರೂ ಅದೇ ಗಳಿಗೆಯಲ್ಲಿ ಹಾಜರಿರುವುದು, ಮಾತು ಕೈತಪ್ಪಿ ಎಲ್ಲೋ ಹೋಗುವುದು, ಮುಗಿದ ಮೇಲೆ ಬಹುತೇಕ ಉಳಿಯದಿರುವುದು.

ಇದನ್ನು ನಮ್ಮ ಊರಿನ ಅರಳಿಕಟ್ಟೆಗೆ ಹೋಲಿಸುವವರಿದ್ದಾರೆ. ಹರಟೆಯ ಮಟ್ಟಿಗೆ ಹೋಲಿಕೆ ಸರಿ. ಆದರೆ ಅರಳಿಕಟ್ಟೆಯಲ್ಲಿ ಕೂತವರ ಮನೆ, ಜಾತಿ, ಸಾಲ, ಮಗಳ ಮದುವೆ ಎಲ್ಲವೂ ಕೂತ ಮಿಕ್ಕವರಿಗೆ ಗೊತ್ತು, ಮತ್ತು ಹೆಂಗಸರು, ಊರ ಹೊರಗಿನವರು ಅಲ್ಲಿ ಕೂರುವಂತಿರಲಿಲ್ಲ. ಚಾಟ್ ರೂಮ್ ಕೊಟ್ಟಿದ್ದು ಆ ಕಟ್ಟೆಯಲ್ಲಿ ಸಿಗದಿದ್ದುದನ್ನು. ಭಾರತದಲ್ಲಿ ಇದರ ಬೆಲೆ ಚೆನ್ನಾಗಿ ತಿಳಿದವರು ಲೈಂಗಿಕ ಅಲ್ಪಸಂಖ್ಯಾತರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ತೀರ್ಪು ಕೊಡುವವರೆಗೂ ಸಲಿಂಗ ಸಂಬಂಧ ಅಪರಾಧದ ನೆರಳಿನಲ್ಲೇ ಇತ್ತು. ಆ ದಿನಗಳಲ್ಲಿ ಚಾಟ್ ರೂಮುಗಳೂ ಮೇಲಿಂಗ್ ಲಿಸ್ಟುಗಳೂ ಸೇರಿ ಹೇಗೆ ಒಂದು ಸಮುದಾಯವನ್ನು ಕಟ್ಟಿದವು ಎಂಬುದನ್ನು ಪರ್ಮೇಶ್ ಶಹಾನಿಯವರ ‘ಗೇ ಬಾಂಬೆ’ (2008) ಪುಸ್ತಕ ವಿವರವಾಗಿ ದಾಖಲಿಸಿದೆ. ಹೆಸರು ಹೇಳಲೇಬೇಕೆಂಬ ನಿಯಮವಿದ್ದಿದ್ದರೆ ಆ ಜನ ಬಾಗಿಲಿನವರೆಗೂ ಬರುತ್ತಿರಲಿಲ್ಲ.

ಭಾರತಕ್ಕೆ ಸಾರ್ವಜನಿಕ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಚಿತ್ರಗಳಿಲ್ಲದ, ಬರೀ ಅಕ್ಷರ ತೋರಿಸುವ ಅಗ್ಗದ ಶೆಲ್ ಅಕೌಂಟ್ ಇದ್ದವರಿಗೂ ಐಆರ್‌ಸಿ ಸಿಗುತ್ತಿತ್ತು. ಮೋಡೆಮ್ ಕಿರುಗುಟ್ಟುವಷ್ಟು ಹೊತ್ತೂ ಫೋನ್ ಬಿಲ್ ಏರುತ್ತಿತ್ತು, ಮನೆಗೆ ಬೇರೆ ಕರೆ ಬರುವಂತಿರಲಿಲ್ಲ. 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೆ ಅವಕಾಶ ಸಿಕ್ಕ ಮೇಲೆ ದರ ಇಳಿಯಿತು, ಸೈಬರ್ ಕೆಫೆಗಳು ತಾಲ್ಲೂಕು ಕೇಂದ್ರದವರೆಗೂ ಹಬ್ಬಿದವು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರ ಜುಲೈನಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಕೂಡ ಸೈಬರ್ ಕೆಫೆಯಾಗಿಯೇ ಶುರುವಾಗಿದ್ದು. ಸಾಮಾನ್ಯ ಸೈಬರ್ ಕೆಫೆಯ ಚಿತ್ರ ಆ ಪೀಳಿಗೆಗೆ ಚಿರಪರಿಚಿತ: ಪ್ಲೈವುಡ್ಡಿನ ಸಾಲು ಕ್ಯಾಬಿನ್‌ಗಳು, ಅರ್ಧ ಗಂಟೆಯ ಲೆಕ್ಕ, ಧೂಳು ಹಿಡಿದ ಕೀಬೋರ್ಡ್, ಯಾಹೂ ಮೆಸೆಂಜರಿನ ಕಿಟಕಿ. ಮಾತಿನ ಮೊದಲ ಪ್ರಶ್ನೆ ಏಎಸ್‌ಎಲ್, ಎಂದರೆ ವಯಸ್ಸು, ಲಿಂಗ, ಊರು. ಇದೇ ಹೊತ್ತಿಗೆ ಚಾಟಿನಲ್ಲಿ ಹುಟ್ಟುವ ಪ್ರೇಮವನ್ನೇ ಕಥೆಯಾಗಿಸಿದ ತಮಿಳಿನ ‘ಕಾದಲರ್ ದಿನಂ’ (1999) ತೆರೆಗೆ ಬಂತು. ಕನ್ನಡಿಗರು ಕನ್ನಡದಲ್ಲೇ ಹರಟಿದರು, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ‘ಬರಹ’ ತಂತ್ರಾಂಶ 1998ರಲ್ಲಿ ಬಂದಿದ್ದರೂ, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡ ಲಿಪಿಗೆ ಜಾಗ ಕೊಟ್ಟರೂ, ಕೆಫೆಯ ಕಂಪ್ಯೂಟರಿನಲ್ಲಿ ಅವು ಇರುತ್ತವೆಂದು ನೆಚ್ಚುವಂತಿರಲಿಲ್ಲ. ಎದುರಿನವರ ಕಂಪ್ಯೂಟರಿನಲ್ಲಿ ಅಕ್ಷರಗಳ ಬದಲು ಬರೀ ಚೌಕಗಳು ಕಾಣುವ ಸಂಭವವೂ ಇತ್ತು. ಊಟ ಆಯ್ತಾ ಎಂದು ಕೇಳಲು ರೋಮನ್ ಅಕ್ಷರಗಳೇ ಗತಿಯಾದವು. ಇಂದಿಗೂ ಮೊಬೈಲಿನಲ್ಲಿ ಬಿಡದ ಆ ರೂಢಿಗೆ ಈ ಕ್ಯಾಬಿನ್‌ಗಳು ಮುಖ್ಯ ಪಾಠಶಾಲೆ.

ಸರ್ಕಾರ ಈ ಕೆಫೆಗಳನ್ನು ಕಂಡಿದ್ದು ಭದ್ರತೆಯ ಕಣ್ಣಿನಿಂದ. ಕರ್ನಾಟಕ 2004ರಲ್ಲೇ ಸೈಬರ್ ಕೆಫೆ ನಿಯಮಗಳನ್ನು ತಂದು ಬಂದವರ ಗುರುತು ದಾಖಲಿಸಬೇಕೆಂದಿತು. 2011ರ ಕೇಂದ್ರ ನಿಯಮಗಳು ಗುರುತಿನ ಚೀಟಿ ಕೇಳಿದವು, ಜೊತೆಗೆ ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು ಎಂದವು. ರಿಜಿಸ್ಟರಿನಲ್ಲಿ ಹೆಸರು ಬರೆಸಿದ್ದರಿಂದ ಒಳಗಿನ ಚಾಟ್ ರೂಮಿನ ನಡವಳಿಕೆ ಬದಲಾಗುವುದು ಸಾಧ್ಯವಿರಲಿಲ್ಲ, ಏಕೆಂದರೆ ಆ ರಿಜಿಸ್ಟರ್ ಕೋಣೆಯಲ್ಲಿದ್ದ ಮಿಕ್ಕವರಿಗೆ ಕಾಣುತ್ತಲೇ ಇರಲಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ಹೆಂಗಸರಿಗೆ ಚಾಟ್ ರೂಮುಗಳಲ್ಲಿ ಆದ ಕಿರುಕುಳ ಅಪಾರ. ಹೆಸರಿನ ಮರೆ ಇಲ್ಲದಿದ್ದರೆ ಗಂಡಸರು ಅಷ್ಟು ದೂರ ಹೋಗುತ್ತಿದ್ದರೇ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಿಶೆಲ್ ಕ್ಯುಕಿಯೆ ಮತ್ತು ರಾಬರ್ಟ್ ಮೇಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಿರುಕುಳವನ್ನು ಅಳೆದು ತೋರಿಸಿದೆ. ಐಆರ್‌ಸಿ ಚಾನೆಲ್ಲುಗಳಲ್ಲಿ ಏನೂ ಮಾತಾಡದೆ ಸುಮ್ಮನಿರುವ ಬಾಟ್‌ಗಳನ್ನು, ಎಂದರೆ ಬಳಕೆದಾರರಂತೆ ಕಾಣುವ ಪ್ರೋಗ್ರಾಂಗಳನ್ನು, ಅವರು ಬಿಟ್ಟರು. ಹೆಣ್ಣಿನ ಹೆಸರಿನ ಬಾಟ್‌ಗಳಿಗೆ ದಿನಕ್ಕೆ ಸರಾಸರಿ 100 ಅಶ್ಲೀಲ ಅಥವಾ ಬೆದರಿಕೆಯ ಸಂದೇಶ ಬಂದವು, ಗಂಡಿನ ಹೆಸರಿನವಕ್ಕೆ 3.7. ಒಂದೂ ಮಾತಾಡದ ಹೆಸರಿಗೆ ಇಷ್ಟು! ಈ ಅಂಕಿಗಳ ಗಂಭೀರತೆಯನ್ನು ಕಡಿಮೆ ಮಾಡುವ ಯಾವ ವಾದವೂ ಒಪ್ಪತಕ್ಕದ್ದಲ್ಲ. ಆದರೆ ಅವು ಬಂದಿದ್ದು ಎಲ್ಲಿಂದ ಎಂಬುದನ್ನು ಗಮನಿಸಬೇಕು: ಎಲ್ಲರೂ ಓದುವ ಚಾನೆಲ್ಲಿನಲ್ಲಿ ಅಲ್ಲ, ಒಬ್ಬರಿಂದ ಒಬ್ಬರಿಗೆ ಹೋಗುವ ಖಾಸಗಿ ಸಂದೇಶದಲ್ಲಿ. ಆಪರೇಟರ್ ಆ ಮಾತನ್ನು ನೋಡುವಂತಿರಲಿಲ್ಲ, ನೆರೆದವರು ತಡೆಯುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರು ಕಂಡ ಯಾರು ಬೇಕಾದರೂ ಅಪ್ಪಣೆ ಇಲ್ಲದೆ ಒಳಮನೆಗೆ ನುಗ್ಗಲು ಬಿಟ್ಟಿದ್ದು ಕಟ್ಟಿದವರು ತೆಗೆದುಕೊಂಡ ತೀರ್ಮಾನ. ಆನ್‌ಲೈನಿನಲ್ಲಿ ಜನ ಕಟ್ಟು ಸಡಿಲಿಸುವುದೇಕೆ ಎಂದು 2004ರಲ್ಲಿ ಪ್ರಸಿದ್ಧ ಪ್ರಬಂಧ ಬರೆದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ ಆರು ಕಾರಣ ಕೊಟ್ಟಿದ್ದರು, ಹೆಸರಿಲ್ಲದಿರುವುದು ಅದರಲ್ಲಿ ಒಂದು ಮಾತ್ರ. ಕೇಳುವವರು ಯಾರೂ ಇಲ್ಲವೆಂಬ ಭಾವನೆ ಇನ್ನೊಂದು.

ಕಾವಲಿನ ಪ್ರಶ್ನೆಯನ್ನು ಬಳಕೆದಾರರೇ ಬಗೆಹರಿಸಿಕೊಳ್ಳಬೇಕಾಗಿ ಬಂದ ಪ್ರಸಂಗವೆಂದರೆ ಲ್ಯಾಂಬ್ಡಾಮೂ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ, ಬರೀ ಅಕ್ಷರಗಳಲ್ಲೇ ಕಟ್ಟಿದ ಈ ಆನ್‌ಲೈನ್ ಲೋಕದ ಪಡಸಾಲೆಯಲ್ಲಿ ಒಬ್ಬ ಬಳಕೆದಾರ ಬೇರೆ ಪಾತ್ರಗಳ ಮೇಲೆ ಲೈಂಗಿಕ ಹಿಂಸೆಯನ್ನು ಬರೆದ. ಜೂಲಿಯನ್ ಡಿಬೆಲ್ 1993ರ ಡಿಸೆಂಬರ್‌ನಲ್ಲಿ ‘ವಿಲೇಜ್ ವಾಯ್ಸ್’ನಲ್ಲಿ ಈ ಬಗ್ಗೆ ಬರೆದ ಲೇಖನ ಇಂದಿಗೂ ಪಠ್ಯವಾಗಿದೆ. ಸಾಮಾಜಿಕ ಜಗಳಗಳಲ್ಲಿ ತಲೆ ಹಾಕುವುದಿಲ್ಲ ಎಂದು ನಿರ್ವಾಹಕರು ಅದಕ್ಕೂ ಮೊದಲೇ ಘೋಷಿಸಿದ್ದರು. ಸದಸ್ಯರು ಸಭೆ ಸೇರಿದರು, ಒಮ್ಮತ ಬರಲಿಲ್ಲ. ಕೊನೆಗೆ ನಿರ್ವಾಹಕನೊಬ್ಬ ಆ ಬಳಕೆದಾರನ ಪಾತ್ರವನ್ನು ಅಳಿಸಿದ. ಆಮೇಲೆ ಕರ್ಟಿಸ್ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದರು. ಎಲ್ಲರ ಕಣ್ಣೆದುರೇ ಅನ್ಯಾಯ ನಡೆದಾಗ ಯಾರು ಏಳಬೇಕು ಎಂಬುದು ಗೊತ್ತಿಲ್ಲದ್ದೇ ಅಲ್ಲಿ ದೊಡ್ಡ ನೋವಾಗಿತ್ತು.

ಅಮೆರಿಕ ಆನ್‌ಲೈನ್, ಅಂದರೆ ಎಓಎಲ್, ಈ ಕಾವಲಿಗೆ ಮನುಷ್ಯರನ್ನು ಇಟ್ಟಿತು. ಅದರ ಕೋಣೆಗೆ 23 ಜನರ ಮಿತಿ. ತುಂಬಿದ ಕೂಡಲೇ ಪಕ್ಕದಲ್ಲಿ ಇನ್ನೊಂದು ತೆರೆಯುತ್ತಿತ್ತು. 1996ರ ಡಿಸೆಂಬರ್‌ನಲ್ಲಿ ಗಂಟೆಯ ದರ ಹೋಗಿ ತಿಂಗಳಿಗೆ 19.95 ಡಾಲರಿನ ಒಂದೇ ದರ ಬಂದಾಗ ಜನ ನುಗ್ಗಿ ಫೋನ್ ಸಾಲುಗಳೇ ಕಟ್ಟಿಕೊಂಡವು. ಕೋಣೆಗಳ ಮೇಲ್ವಿಚಾರಣೆ ನೋಡುತ್ತಿದ್ದುದು ಸಾವಿರಾರು ಸ್ವಯಂಸೇವಕರು. ಪ್ರತಿಫಲವಾಗಿ ಅವರಿಗೆ ಸಿಗುತ್ತಿದ್ದುದು ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ. ನಾವು ಮಾಡಿದ್ದು ನೌಕರಿಯೇ ಎಂದು ಅವರು 1999ರಲ್ಲಿ ಮೊಕದ್ದಮೆ ಹೂಡಿದರು. ಅದು 2010ರಲ್ಲಿ 1.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಕೋಣೆಯನ್ನು ಸಹ್ಯವಾಗಿ ಇಡುವುದು ಸಂಬಳಕ್ಕೆ ತಕ್ಕ ಕೆಲಸ ಎಂಬುದನ್ನು ಈ ಮೊಕದ್ದಮೆಯಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಿಲ್ಲ. ಆ ಖರ್ಚು ಮಾಡಲು ಒಪ್ಪದ ಕಂಪನಿಗಳು ಬಾಗಿಲು ಹಾಕಿದವು. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಲ್ಲಿ ಯೂರೋಪು, ಏಷ್ಯಾ, ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ಎಂಎಸ್‌ಎನ್ ಚಾಟ್ ನಿಲ್ಲಿಸಿ ಮಕ್ಕಳ ಸುರಕ್ಷತೆಯ ಕಾರಣ ಕೊಟ್ಟಿತು. ಯಾಹೂ 2005ರ ಜೂನ್‌ನಲ್ಲಿ, ಜಾಹೀರಾತುದಾರರು ಹಿಂದೆ ಸರಿದ ಮೇಲೆ, ಬಳಕೆದಾರರೇ ಕಟ್ಟಿಕೊಂಡ ಕೋಣೆಗಳನ್ನು ಮುಚ್ಚಿತು. ಮಿಕ್ಕ ಸಾರ್ವಜನಿಕ ಕೋಣೆಗಳು 2012ರ ಡಿಸೆಂಬರ್ 14ರಂದು ಮುಗಿದವು. ಅಲ್ಲಿದ್ದ ಅಪಾಯ ನಿಜ, ಮಕ್ಕಳಿಗೆ ಆದ ಹಾನಿಯೂ ನಿಜ. ಆದರೆ ಯಾರು ಬೇಕಾದರೂ ಯಾವ ಹೆಸರಿನ ಕೋಣೆಯನ್ನಾದರೂ ತೆರೆಯಲು ಬಿಟ್ಟು, ಕಾವಲಿಗೆ ಸಾಕಷ್ಟು ಜನರನ್ನು ಇಡದೆ, ಕೊನೆಗೆ ದೋಷವನ್ನು ಚಾಟ್ ರೂಮ್ ಎಂಬ ಪ್ರಕಾರದ ಮೇಲೆ ಹೊರಿಸಿದ್ದು ನ್ಯಾಯವಲ್ಲ.

ಚಾಟ್ ಮನುಷ್ಯರನ್ನು ಒಂಟಿ ಮಾಡುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಆಧಾರವಾಗಿದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರ 1998ರ ಅಧ್ಯಯನ. ಪಿಟ್ಸ್‌ಬರ್ಗಿನ 73 ಮನೆಗಳ 169 ಜನರಲ್ಲಿ ಇಂಟರ್ನೆಟ್ ಬಳಕೆ ಹೆಚ್ಚಿದಂತೆ ಒಂಟಿತನ, ಖಿನ್ನತೆ ಅಲ್ಪ ಪ್ರಮಾಣದಲ್ಲಿ ಏರಿದ್ದವು. ಅದೇ ತಂಡ ಅದೇ ಜನರನ್ನು ಮತ್ತೆ ನೋಡಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಪರಿಣಾಮ ಬಹುತೇಕ ಕರಗಿತ್ತು. ಅದೇ ವರ್ಷ ಕ್ಯಾಟ್ಲಿನ್ ಮೆಕೆನ್ನಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಚಾಟ್ ರೂಮಿನಲ್ಲಿ ಮೊದಲು ಭೇಟಿಯಾದ ಅಪರಿಚಿತರು ಮುಖಾಮುಖಿ ಭೇಟಿಯಾದವರಿಗಿಂತ ಹೆಚ್ಚು ಪರಸ್ಪರ ಮೆಚ್ಚಿಕೊಂಡರು. ಇದರಿಂದ ಚಾಟ್ ಎಲ್ಲರಿಗೂ ಒಳಿತೆಂದು ಹೇಳಲಾಗದು. ಕ್ರೌಟ್ ತಂಡದ ಎರಡನೆಯ ವರದಿಯ ಪ್ರಕಾರ ಮೊದಲೇ ಜನಬಳಕೆ ಇದ್ದವರಿಗೆ ಲಾಭ ಹೆಚ್ಚು, ಇಲ್ಲದವರಿಗೆ ಕಡಿಮೆ. ಸಂಕೋಚದವರಿಗೆ ತೆರೆದ ಬಾಗಿಲು ಎಂಬ ಹೊಗಳಿಕೆಯನ್ನೂ ಹಾಗಾಗಿ ಅಳತೆಯಲ್ಲಿ ಇಡಬೇಕು.

ನಿಜವಾದ ಹೆಸರೇ ಮದ್ದು ಎಂಬ ವಾದವನ್ನು ಪರೀಕ್ಷಿಸಲು ನಮ್ಮ ಕಾಲದಲ್ಲೇ ಅವಕಾಶ ಸಿಕ್ಕಿದೆ. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರ ಫೋನ್ ನಂಬರ್ ಕಾಣುತ್ತದೆ. ಬಹುತೇಕ ಎಲ್ಲರೂ ನೆಂಟರು, ಊರವರು, ಸಹಪಾಠಿಗಳು. ಆದರೂ ಮಕ್ಕಳ ಕಳ್ಳರ ವದಂತಿ ಅದೇ ಗುಂಪುಗಳಲ್ಲಿ ಹರಿದು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನ ಜೀವ ತೆಗೆಯಿತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವಂತೆ ಮಿತಿ ಹಾಕಿತು. ಎಂದರೆ ಕಂಪನಿಯೂ ಹುಡುಕಿದ ಪರಿಹಾರ ಹೆಸರಿನಲ್ಲಿ ಇರಲಿಲ್ಲ, ಮಾತು ಹರಿಯುವ ಕಾಲುವೆಯ ಅಗಲದಲ್ಲಿ ಇತ್ತು. ಹಳೆಯ ಚಾಟ್ ರೂಮಿನಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಇರುತ್ತಿತ್ತು. ಒಂದೇ ಬೆರಳಿನಲ್ಲಿ ಅದನ್ನು ನೂರು ಕೋಣೆಗೆ ಸಾಗಿಸುವ ಗುಂಡಿ ಅಲ್ಲಿರಲಿಲ್ಲ.

ಐಆರ್‌ಸಿ ಇನ್ನೂ ಜೀವಂತವಾಗಿದೆ. ಅದರ # ಗುರುತಿನ ಚಾನೆಲ್‌ಗಳನ್ನು ಸ್ಲ್ಯಾಕ್, 2015ರಲ್ಲಿ ಬಂದ ಡಿಸ್ಕಾರ್ಡ್ ಎಂಬ ಹೊಸ ಚಾಟ್ ಸೇವೆಗಳೆರಡೂ ಎತ್ತಿಕೊಂಡಿವೆ. ಟ್ವಿಟರಿನ ಹ್ಯಾಷ್‌ಟ್ಯಾಗನ್ನು 2007ರಲ್ಲಿ ಸೂಚಿಸಿದ ಕ್ರಿಸ್ ಮೆಸ್ಸಿನಾ ಕೂಡ ಐಆರ್‌ಸಿಯ ರೂಢಿಯನ್ನೇ ಮುಂದಿಟ್ಟಿದ್ದರು. ಮುಕ್ತ ತಂತ್ರಾಂಶದವರ ದೊಡ್ಡ ನೆಲೆಯಾಗಿದ್ದ ಫ್ರೀನೋಡ್ ಜಾಲದ ಒಡೆತನದ ಬಗ್ಗೆ 2021ರ ಮೇ ತಿಂಗಳಲ್ಲಿ ಜಗಳ ಎದ್ದು, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಎಂಬ ಹೊಸ ಜಾಲ ತೆರೆದರು. ವಿಕಿಮೀಡಿಯ, ಉಬುಂಟು ಮೊದಲಾದ ಸಮುದಾಯಗಳು ಕೆಲವೇ ವಾರಗಳಲ್ಲಿ ತಮ್ಮ ಚಾನೆಲ್‌ಗಳ ಸಮೇತ ಅಲ್ಲಿಗೆ ಹೋದವು. ಹಳೆಯ ವಿಳಾಸ, ಪ್ರಸಿದ್ಧವಾದ ಹೆಸರು ಎರಡೂ ಮಾಲೀಕರ ಬಳಿಯೇ ಉಳಿದವು. ಜನ ಮಾತ್ರ ತಮ್ಮ ಅದೇ ಅಡ್ಡಹೆಸರುಗಳನ್ನು ಹೊಸ ಜಾಲದಲ್ಲಿ ನೋಂದಾಯಿಸಿಕೊಂಡು, ತಾವು ನಂಬಿದ ಕಾವಲುಗಾರರ ಹಿಂದೆ ನಡೆದರು.